ಡಾಸನ್‌ನ ಒಂದು ನಿಮಿಷ

ನವೆಂಬರ್ ಇನ್ನೂ ಅರ್ಧ ಕಳೆದಿರಲಿಲ್ಲ, ಟೆಲ್ಫೋರ್ಡ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ ಆಡಿದ್ದು ಎರಡೇ ಎರಡು ಪಂದ್ಯ, ಅಷ್ಟರಲ್ಲಾಗಲೇ ವರ್ನಾಳ ಗಂಟಲು ಬೈದು ಬೈದು ಕಟ್ಟಿಹೋಗಿತ್ತು. ಬೈಯದೆ ಇನ್ನೇನು ಮಾಡಬೇಕು? ಮೊದಲ ಪಂದ್ಯವನ್ನು ಸ್ವಂತ ಊರಲ್ಲಿ, ಸ್ವಂತ ಜನರ ಕಣ್ಣೆದುರಿಗೆ, ಹೆಸರೇ ಕೇಳದ ಒಂದು ಕಾಲೇಜಿಗೆ ತಟ್ಟೆಯಲ್ಲಿಟ್ಟು ಒಪ್ಪಿಸಿದ್ದರು. ಎರಡನೆಯದನ್ನು ಗೆದ್ದರು, ಸರಿ. ಅದೂ ಒಂದು ಗೆಲುವೇ? ಎದುರಾಳಿಗಳು ಕೊನೆಯಲ್ಲಿ ಫ್ರೀ ಥ್ರೋಗಳನ್ನು, ಯಾರೂ ಅಡ್ಡ ಬಾರದ ಆ ಬಿಟ್ಟಿ ಎಸೆತಗಳನ್ನು, ಒಂದಾದ ಮೇಲೊಂದು ಹಾಳುಮಾಡಿಕೊಂಡು ಇವರ ಕೈಗೆ ಹಾಕಿ ಹೋದ ಭಿಕ್ಷೆ ಅದು.

ಇದಕ್ಕೆಲ್ಲ ಕಾರಣ ಆ ಮೆರಿಕ್. ಹೊಸ ಕೋಚ್. ವಸಂತದಲ್ಲಿ ಬಂದ ಮಹಾನುಭಾವ, ಬಂದವನೇ ಹಳೆಯ ಹುಡುಗರಲ್ಲಿ ಮುಕ್ಕಾಲು ಪಾಲನ್ನು ಸಾಗಹಾಕಿ, ಬೇರೆ ಬೇರೆ ಕಾಲೇಜುಗಳಲ್ಲಿ ಆಡುತ್ತಿದ್ದವರನ್ನು ಕರೆತಂದು ತುಂಬಿಕೊಂಡಿದ್ದ. ಈಗ ಅದಕ್ಕೆ ಯಾರ ಅಡ್ಡಿಯೂ ಇಲ್ಲವಲ್ಲ. ಈ ವರ್ಷ ಇಲ್ಲಿ, ಮುಂದಿನ ವರ್ಷ ಅಲ್ಲಿ, ಛತ್ರದಲ್ಲಿ ಇಳಿದುಕೊಂಡವರ ಹಾಗೆ ಬಂದು ಉಂಡು ಹೋಗುತ್ತಾರೆ. ಮೊದಲು ಅಂಗಳಕ್ಕೆ ಇಳಿಯುವ ಐವರಲ್ಲಿ ಒಬ್ಬನೂ ಹೋದ ಚಳಿಗಾಲದಲ್ಲಿ ಟೆಲ್ಫೋರ್ಡಿನ ಹಿಮ ತುಳಿದವನಲ್ಲ. ಆ ಏಳಡಿಯ ಉದ್ದನೆಯವನಿದ್ದಾನಲ್ಲ, ಅವನಿಗೆ ರೀಬೌಂಡ್ ಎಂದರೆ ಹಲಗೆಗೆ ಬಡಿದು ವಾಪಸಾದ ಚೆಂಡು ತಾನಾಗಿ ಬಂದು ಕೈಯಲ್ಲಿ ಕೂರಬೇಕು. ಇನ್ನೊಬ್ಬ ಡ್ರಿಬಲ್ ಮಾಡಲು ಶುರುವಿಟ್ಟರೆ ಉಳಿದ ನಾಲ್ವರು ಒಂದು ನಿದ್ದೆ ತೆಗೆದು ಬರಬಹುದು. ಪಾಸ್ ಎಂಬ ಪದ ಅವನ ಕಿವಿಗೆ ಬಿದ್ದೇ ಇಲ್ಲ.

ಇದನ್ನೆಲ್ಲ ವರ್ನಾ ಹೊಟ್ಟೆಯಲ್ಲಿಟ್ಟುಕೊಂಡವಳೇ ಅಲ್ಲ. ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಪಂದ್ಯದ ನಂತರ ಊರಿನ ರೇಡಿಯೋಗೆ ಫೋನ್ ಮಾಡಿ, ಎಲ್ಲೆಂದರಲ್ಲಿ ಹೇಳಿದ್ದಳು. ನಿವೃತ್ತಿಯವರೆಗೂ ಶಾಲೆಯ ಹಳದಿ ಬಸ್ಸು ಓಡಿಸಿದವಳು ಅವಳು. ಊರಿನ ಅರ್ಧ ಜನ ಅವಳ ಬಸ್ಸಿನಲ್ಲಿ ಕೂತು, ಅವಳ ಒಂದು ಕೂಗಿಗೆ ಬಾಯಿ ಮುಚ್ಚಿಕೊಂಡು ಬೆಳೆದವರು. ಆ ಕೂಗಿಗೆ ಇನ್ನೂ ತುಕ್ಕು ಹಿಡಿದಿರಲಿಲ್ಲ.

ಆದರೆ ಅವಳ ಎದೆ ನಿಜವಾಗಿ ಉರಿಯುತ್ತಿದ್ದದ್ದು ಏಳಡಿಯವನಿಗಾಗಿಯೂ ಅಲ್ಲ, ಸೋತ ಪಂದ್ಯಕ್ಕಾಗಿಯೂ ಅಲ್ಲ. ಬೆಂಚಿನ ಕಟ್ಟಕಡೆಯಲ್ಲಿ ಕೂರುತ್ತಿದ್ದ ಡಾಸನ್‌ಗಾಗಿ. ಡಾಸನ್ ಅವಳ ಮೊಮ್ಮಗ, ಕಾಲೇಜಿನ ಕೊನೆಯ ವರ್ಷದಲ್ಲಿದ್ದ. ತಂಡದಲ್ಲಿ ಇದೇ ಊರಿನಲ್ಲಿ ಹುಟ್ಟಿದ ಹುಡುಗ ಅಂತ ಉಳಿದಿದ್ದವನು ಅವನೊಬ್ಬನೇ. ಹಳೆಯ ಕೋಚ್ ಪಾಪ, ಪಂದ್ಯ ಗೆದ್ದಾಯಿತು ಅಂತ ಖಾತ್ರಿಯಾದ ಮೇಲೆ ಕೊನೆಯ ಎರಡು ನಿಮಿಷವಾದರೂ ಇವನನ್ನು ಆಡಿಸುತ್ತಿದ್ದ. ಈ ಮೆರಿಕ್ ಅದನ್ನೂ ಕೊಟ್ಟಿರಲಿಲ್ಲ. ಶಾಲೆ ಮುಗಿದಾಗ ಎರಡು ಚಿಕ್ಕ ಕಾಲೇಜುಗಳು ಡಾಸನ್‌ಗೆ ಫೀಸು, ಊಟ, ಕೋಣೆ ಎಲ್ಲ ಕೊಟ್ಟು ಕರೆದಿದ್ದವು. ಆಗ ವರ್ನಾ ಒಂದೇ ಮಾತು ಅಂದಿದ್ದಳು: "ಟೆಲ್ಫೋರ್ಡ್ ಬಿಟ್ಟು ಬೇರೆ ಜೆರ್ಸಿ ಹಾಕ್ಕೊಂಡ್ಯೋ, ನಿನ್ನ ಆಟ ನೋಡೋಕೆ ನಾನಂತೂ ಬರಲ್ಲ." ಹುಡುಗ ಎರಡನ್ನೂ ಬೇಡವೆಂದು, ಇಲ್ಲಿ ಫೀಸನ್ನೂ ತಾನೇ ಕಟ್ಟಿ ಬಿಟ್ಟಿಗೆ ಆಡಲು ಸೇರಿಕೊಂಡ. ಆ ಹುಡುಗನನ್ನು ಕೊನೆಯ ವರ್ಷದಲ್ಲಿ ಮೂಲೆಗೆ ಕೂರಿಸುವುದೆಂದರೆ?

ಭಾನುವಾರ ಮಧ್ಯಾಹ್ನ ಡಾಸನ್ ಎಂದಿನಂತೆ ಊಟಕ್ಕೆ ಬಂದ. ಕೋಳಿಯ ಸಾರಿನಲ್ಲಿ ಬೇಯಿಸಿದ ಮನೆಯ ನೂಡಲ್ಸನ್ನು ಹಿಸುಕಿದ ಆಲೂಗಡ್ಡೆಯ ಮೇಲೆ ಸುರಿದು ಅವಳು ತಟ್ಟೆಯನ್ನು ಅವನ ಮುಂದೆ ತಳ್ಳಿದಳು. ಅವನು ಫೋರ್ಕನ್ನು ಕೈಯಲ್ಲಿ ತಿರುಗಿಸುತ್ತಾ ಕೂತ.

"ಅಜ್ಜಿ, ನಿಂಗೆ ಒಂದು ವಿಷ್ಯ ಹೇಳ್ಬೇಕಿತ್ತು."

"ಮೊದ್ಲು ತಿನ್ನು. ಆಮೇಲೆ ಹೇಳುವಂತೆ."

"ಈ ವರ್ಷ ನಾನು ಒಂದು ಪಂದ್ಯಕ್ಕೂ ಇಳೀದೇ ಇದ್ರೆ ಈ ವರ್ಷ ಲೆಕ್ಕಕ್ಕೆ ಬರಲ್ಲ ಅಜ್ಜಿ. ನಂಗೆ ಇರೋದು ನಾಲ್ಕು ವರ್ಷದ ಆಟ, ಅದ್ರಲ್ಲಿ ಒಂದು ಉಳಿಯುತ್ತೆ. ಒಂದು ಸೆಕೆಂಡು ಇಳಿದ್ರೂ ಹೋಯ್ತು. ಇಳೀಲೇ ಇಲ್ಲ ಅಂದ್ರೆ ಮುಂದಿನ ವರ್ಷ..."

ವರ್ನಾ ಸೌಟನ್ನು ಪಾತ್ರೆಯೊಳಕ್ಕೆ ಕುಕ್ಕಿದಳು. "ಉಳಿಸ್ಕೊಂಡು ಏನ್ ಮಾಡ್ತೀಯೋ? ಜಾಡಿಗೆ ಹಾಕಿ, ಉಪ್ಪು ಸುರಿದು, ನೆಲಮಾಳಿಗೇಲಿ ಇಡ್ತೀಯಾ? ಇದು ಆ ಮೆರಿಕ್ ನಿನ್ನ ಕಿವೀಲಿ ಊದಿರೋ ಮಾತು ತಾನೇ? ಆಡಿಸೋ ಯೋಗ್ಯತೆ ಇಲ್ಲ, ಅದಕ್ಕೊಂದು ನೆಪ!"

"ಅಯ್ಯೋ ಇಲ್ಲಜ್ಜಿ. ಕೋಚ್‌ಗೆ ನಾನಿನ್ನೂ ಹೇಳೇ ಇಲ್ಲ. ಮೊದ್ಲು ನಿಂಗೆ ಹೇಳಿ, ಆಮೇಲೆ..."

"ನಂಗೇನೂ ಹೇಳ್ಬೇಡ. ಮುಂದಿನ ವರ್ಷ ಅಂತೆ ಮುಂದಿನ ವರ್ಷ! ಮುಂದಿನ ವರ್ಷ ಇನ್ನೊಂದು ಹತ್ತು ಬಾಡಿಗೆ ಹುಡುಗರನ್ನ ತಂದು ನಿನ್ನ ತಲೆ ಮೇಲೆ ಕೂರಿಸ್ತಾನೆ ಅವ್ನು. ಆ ಕೆಂಚುಗೂದಲ ಬ್ರೆನನ್ ಏನ್ಮಾಡ್ದ? ಮೂರು ವರ್ಷ ಈ ಊರಿನ ಅನ್ನ ತಿಂದು, ಬೇಸಿಗೇಲಿ ಗಂಟು ಮೂಟೆ ಕಟ್ಕೊಂಡು ಬೇರೆ ಕಾಲೇಜಿಗೆ ಹೋದ. ಅಂಥ ನಾಚಿಕೆಗೆಟ್ಟವರ ಮುಖ ನೋಡೋದೂ ಒಂದು ಪಾಪ ಕಣೋ. ನೀನು ಹಾಗಲ್ಲ, ಅದು ನಂಗೊತ್ತು. ನೀನು ಬಾಯಿ ಇಲ್ದೇ ಇರೋ ಕೂಸು. ನಿನ್ನ ಪರವಾಗಿ ನಾನಿದೀನಿ ಬಿಡು."

ಡಾಸನ್ ಫೋರ್ಕನ್ನು ಕೆಳಗಿಟ್ಟ. ಅಜ್ಜಿಯ ಮುಖ ನೋಡಿದ. ಆಮೇಲೆ ತಟ್ಟೆಯ ಕಡೆಗೆ ಬಗ್ಗಿದ.

"ನೂಡಲ್ಸ್ ಚೆನ್ನಾಗಿದೆ ಅಜ್ಜಿ," ಎಂದ.

ಮಂಗಳವಾರ ಸಂಜೆ ಮೂರನೆಯ ಪಂದ್ಯ. ವರ್ನಾಳನ್ನು ಕಾರಿನಲ್ಲಿ ಕರೆದೊಯ್ಯುವುದು, ವಾಪಸು ತಂದುಬಿಡುವುದು, ನಡುವಿನ ಹೊತ್ತೆಲ್ಲ ಅವಳ ಪಕ್ಕದ ಕುರ್ಚಿಯಲ್ಲಿ ಕೂತು ಬೈಗುಳ ಕೇಳುವುದು, ಇದು ಪಕ್ಕದ ಮನೆಯ ಎಲ್ವುಡ್‌ನ ಕೆಲಸ. ಕ್ಷೌರದಂಗಡಿ ಇಟ್ಟಿದ್ದವನಾದ್ದರಿಂದ ಬೇರೆಯವರ ಮಾತು ಕೇಳಿಸಿಕೊಳ್ಳುವುದು ಅವನಿಗೆ ರೂಢಿಯಾಗಿಹೋಗಿತ್ತು. ಅವರ ಕುರ್ಚಿಗಳು ತಂಡದ ಬೆಂಚಿನ ಹಿಂದೆಯೇ, ಕೆಲವೇ ಸಾಲು ಮೇಲೆ.

ಟೆಲ್ಫೋರ್ಡಿನಲ್ಲಿ ಒಂದು ಪದ್ಧತಿ. ನಮ್ಮ ತಂಡ ಮೊದಲ ಬುಟ್ಟಿ ಹಾಕುವವರೆಗೂ, ಅಂದರೆ ಚೆಂಡನ್ನು ಬಲೆಗೆ ಇಳಿಸುವವರೆಗೂ, ಯಾರೂ ಕೂರುವಂತಿಲ್ಲ, ಚಪ್ಪಾಳೆ ನಿಲ್ಲಿಸುವಂತಿಲ್ಲ. ಆ ದಿನ ಮೊದಲ ಬುಟ್ಟಿ ಬೀಳುವ ಹೊತ್ತಿಗೆ ವರ್ನಾಳ ಬಲಮಂಡಿ ಪ್ರಾಣ ಹಿಂಡುತ್ತಿತ್ತು. ಡಾಕ್ಟರು ಆ ಮಂಡಿಯ ಮೇಲೆ ಹೆಚ್ಚು ನಿಲ್ಲಬೇಡಿ ಎಂದಿದ್ದರು. ಡಾಕ್ಟರಿಗೇನು, ಹೇಳಿಬಿಡುತ್ತಾರೆ.

"ಕೂತ್ಕೊಂಡ್ರೆ ಯಾರೂ ಜೈಲಿಗೆ ಹಾಕಲ್ಲ ಕಣೆ," ಎಂದ ಎಲ್ವುಡ್.

"ನೀನು ಬೇಕಾದ್ರೆ ಕೂತ್ಕೊ. ಮುದುಕ ನೀನು," ಎಂದಳು ಅವನಿಗಿಂತ ಒಂದು ವರ್ಷ ದೊಡ್ಡವಳಾದ ವರ್ನಾ.

ಎದುರು ತಂಡ ಪಾಪದ್ದು. ವರ್ಷದ ಶುರುವಿನಲ್ಲಿ ಸೋಲಿಸುವುದಕ್ಕೆಂದೇ ದುಡ್ಡು ಕೊಟ್ಟು ಕರೆಸುವ ಚಿಕ್ಕ ಕಾಲೇಜುಗಳಿರುತ್ತವಲ್ಲ, ಅಂಥದ್ದು. ಹುಡುಗರು ಬಸ್ಸಿನಲ್ಲಿ ಹಗಲೆಲ್ಲ ಕುಳಿತು ಬಂದು, ಹೊಡೆಸಿಕೊಂಡು, ಮತ್ತೆ ಅದೇ ಬಸ್ಸು ಹತ್ತಿ ಹೋಗಬೇಕು. ಅಂಥವರ ಜೊತೆಗೂ ಮೆರಿಕ್‌ನ ಹೀರೋಗಳು ಮೊದಲರ್ಧದಲ್ಲಿ ಏಗಿದರು. ಎರಡನೆಯ ಅರ್ಧದಲ್ಲಿ ಎದುರಾಳಿಗಳ ಕಾಲು ಸೋತವು, ಅಂತರ ಬೆಳೆಯಿತು. ಇಪ್ಪತ್ತು ದಾಟಿತು. ಗೆಲುವು ಖಾತ್ರಿಯಾಯಿತು. ವರ್ನಾಳ ಕಣ್ಣು ಆಟ ಬಿಟ್ಟು ಬೆಂಚಿಗೆ ಅಂಟಿಕೊಂಡಿತು.

ಮೆರಿಕ್ ಬೆಂಚಿನ ಕಡೆ ತಿರುಗಿ ಒಬ್ಬನನ್ನು ಕರೆದ. ಇನ್ನೊಬ್ಬನನ್ನು ಕರೆದ. ಮೊನ್ನೆ ಮೊನ್ನೆ ಶಾಲೆ ಬಿಟ್ಟು ಬಂದ, ಮೀಸೆ ಸರಿಯಾಗಿ ಮೂಡದ ಒಬ್ಬನನ್ನೂ ಕರೆದ. ಡಾಸನ್ ಮಾತ್ರ ಬಗ್ಗಿ ಶೂಸಿನ ಲೇಸು ಕಟ್ಟಿಕೊಳ್ಳುತ್ತಿದ್ದ.

"ಈ ಹುಡುಗ ಎಷ್ಟು ಸಲ ಲೇಸ್ ಕಟ್ಕೊಳ್ತಾನೆ?" ಎಲ್ವುಡ್ ಕಣ್ಣು ಕಿರಿದು ಮಾಡಿದ. "ಕೋಚ್ ತಿರುಗಿದಾಗಲೆಲ್ಲ ಬಗ್ತಾನೆ ನೋಡು."

"ಅವಮಾನ ಕಣಯ್ಯ ಅದು! ಮುಖ ಎಲ್ಲಿ ಬಚ್ಚಿಟ್ಕೋಬೇಕು ಅವ್ನು? ಇಡೀ ಬೆಂಚೆಲ್ಲ ಇಳೀತು, ಊರ ಮಗ ಒಬ್ನೇ ಅನಾಥನ ಥರ ಕೂತಿದಾನೆ!"

ಅವಳ ಮೈಯೆಲ್ಲ ಉರಿದುಹೋಯಿತು. ನಾಲ್ಕು ವರ್ಷ ಹುಡುಗ ಬೆಳಿಗ್ಗೆ ಕತ್ತಲಲ್ಲಿ ಎದ್ದು ಅಭ್ಯಾಸ ಮಾಡಿದ್ದಕ್ಕೆ, ಬೇರೆಯವರಿಗೆ ನೀರು ಕೊಟ್ಟಿದ್ದಕ್ಕೆ, ಬೇರೆಯವರ ಬುಟ್ಟಿಗೆ ಟವೆಲ್ ಬೀಸಿ ಕುಣಿದಿದ್ದಕ್ಕೆ ಇದೇನಾ ಮರ್ಯಾದೆ? ವರ್ಷ ಉಳಿಯುತ್ತದಂತೆ! ಯಾರ ಕಿವಿಗೆ ಹೂವಿಡಲು ಬಂದಿದ್ದೀರಿ? ಅವಳು ಎದ್ದು ನಿಂತಳು. ಎಲ್ವುಡ್ ತೋಳು ಹಿಡಿದ, ಕೊಡವಿದಳು. ಎದೆ ತುಂಬ ಉಸಿರೆಳೆದುಕೊಂಡು, ಬಸ್ಸಿನ ಕಟ್ಟಕಡೆಯ ಸೀಟಿನ ಪುಂಡರಿಗೂ ಕೇಳಿಸುತ್ತಿದ್ದ ಅದೇ ಗಂಟಲಿನಲ್ಲಿ ಕೂಗಿದಳು.

"ಡಾ-ಸನ್! ಡಾ-ಸನ್!"

ಮುಂದಿನ ಸಾಲಿನವರು ತಿರುಗಿ ನೋಡಿ ನಕ್ಕರು. ಅವರಲ್ಲೊಬ್ಬ ಅವಳ ಬಸ್ಸಿನ ಹುಡುಗ, ಈಗ ಬ್ಯಾಂಕಿನ ಮ್ಯಾನೇಜರು. ಅವನೂ ಕೂಗಿದ. ಅವನ ಹೆಂಡತಿ ಕೂಗಿದಳು. ಎದುರಿನ ಸಾಲುಗಳಲ್ಲಿದ್ದ ವಿದ್ಯಾರ್ಥಿಗಳಿಗೆ ಇಂಥದ್ದೇ ಬೇಕಿತ್ತು, ಕಾಲು ಕುಟ್ಟಿಕೊಂಡು ಶುರು ಹಚ್ಚಿದರು. ಚಾವಣಿ ಹಾರಿಹೋಗುವಂತೆ ಇಡೀ ಅಂಗಣ ಒಂದೇ ಹೆಸರನ್ನು ಕೂಗತೊಡಗಿತು. ಡಾ-ಸನ್! ಡಾ-ಸನ್!

ಮೆರಿಕ್ ಜನರ ಕಡೆ ನೋಡಿ ಹಲ್ಲು ಕಿರಿದ. ಸೋತ ಮೊದಲ ಪಂದ್ಯದ ನಂತರ ಊರು ತನ್ನ ಜೊತೆ ನಕ್ಕದ್ದು ಅವನಿಗೆ ಇದೇ ಮೊದಲು. ಬೆಂಚಿನ ತುದಿಗೆ ಹೋಗಿ ಡಾಸನ್‌ನ ಹತ್ತಿರ ಬಗ್ಗಿ ಏನೋ ಕೇಳಿದ. ಡಾಸನ್ ತಲೆಯೆತ್ತಿ, ಹಿಂದಕ್ಕೆ ತಿರುಗಿ ನೇರ ಅಜ್ಜಿಯನ್ನು ನೋಡಿದ. ಸಣ್ಣಗೆ ತಲೆಯಾಡಿಸಿದ, ಬೇಡ ಎನ್ನುವ ಹಾಗೆ.

"ನಾಚ್ಕೋತಾನೆ, ಮುಂಡೇದು!" ವರ್ನಾ ಎರಡೂ ಕೈ ಬೀಸಿದಳು. "ಹೋಗೋ! ಇಳಿಯೋ!"

ಡಾಸನ್ ಇನ್ನೂ ಒಂದು ಕ್ಷಣ ಅವಳನ್ನೇ ನೋಡುತ್ತಾ ಕೂತಿದ್ದ. ಆಮೇಲೆ ಮೇಲಂಗಿ ಕಳಚಿ ಬೆಂಚಿನ ಮೇಲಿಟ್ಟು ಎದ್ದ.

ಉಳಿದದ್ದು ಒಂದು ನಿಮಿಷ. ಅವನು ಮೂಲೆಯಲ್ಲಿ ನಿಂತ. ಚೆಂಡು ಅವನ ಕೈಗೆ ಬಂದಾಗ ಗಡಿಯಾರದಲ್ಲಿ ಚೂರೇ ಚೂರು ಉಳಿದಿತ್ತು. ಹಾಕು, ಹಾಕು ಎಂದು ಎಲ್ಲರೂ ಕೂಗಿದರು. ಅವನು ಎಗರಿ, ಅವಸರವೇ ಇಲ್ಲದವನಂತೆ ಎಸೆದ. ಚೆಂಡು ಉಂಗುರಕ್ಕೂ ತಾಗದೆ ಬಲೆಯೊಳಗೆ ಇಳಿಯಿತು. ಬೆಂಚಿನವರೆಲ್ಲ ಕುಣಿದರು, ಆ ಏಳಡಿಯವನು ಕೂಡ. ವರ್ನಾಳಿಗೆ ಕಣ್ಣೀರು ಸುರಿಯುತ್ತಿತ್ತು, ಅದನ್ನು ಒರೆಸಿಕೊಳ್ಳದೆ ಅಕ್ಕಪಕ್ಕದವರಿಗೆಲ್ಲ ಹೇಳಿದಳು: "ನೋಡಿದ್ರಾ? ಈ ಹುಡುಗನ್ನ ಕೂರಿಸ್ತಾನಂತೆ! ನೋಡಿದ್ರಾ?"

ಪಂದ್ಯ ಮುಗಿದ ಮೇಲೆ ಆಟಗಾರರ ಮನೆಯವರು ಕಾಯುವುದು ಕೆಳಗಿನ ಓಣಿಯಲ್ಲಿ. ಬಂದವರೆಲ್ಲ ವರ್ನಾಳ ಬೆನ್ನು ತಟ್ಟಿದರು. ಅವಳು ಒಂದು ಮಂಡಿಯ ಮೇಲೆ ಭಾರ ಹಾಕಿ ಗೋಡೆಗೆ ಒರಗಿ ನಿಂತು, ಯುದ್ಧ ಗೆದ್ದ ರಾಣಿಯ ಹಾಗೆ ಬೀಗುತ್ತಿದ್ದಳು. ಡಾಸನ್ ಒದ್ದೆ ತಲೆಯಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು ಬಂದ. ಅವಳು ಅವನನ್ನು ತಬ್ಬಿಕೊಂಡಳು.

"ಯಾರು ಇಳಿಸಿದ್ದು ನಿನ್ನ? ಹೇಳು, ಯಾರು?"

"ನೀನೇ ಅಜ್ಜಿ."

"ಮತ್ತೆ ಮುಖ ಯಾಕೋ ಹಿಂಗಿದೆ?"

ಅವನು ಅವಳನ್ನು ಓಣಿಯ ತಿರುವಿಗೆ ಕರೆದುಕೊಂಡು ಹೋದ. ಅಲ್ಲಿ ಮಡಚಿದ ಕುರ್ಚಿಗಳ ರಾಶಿಯಿತ್ತು, ಒಂದನ್ನು ಬಿಡಿಸಿ ಅವಳನ್ನು ಕೂರಿಸಿದ.

"ನನ್ನ ಶಾಲೇಲಿ ಕೋಚ್ ಆಗಿದ್ರಲ್ಲ, ಗಾರ್ವಿನ್ ಅವ್ರು, ಅವ್ರೀಗ ಓಹಾಯೋದಲ್ಲಿ ಒಂದು ಕಾಲೇಜಿನ ಕೋಚ್. ಚಿಕ್ಕ ಕಾಲೇಜು. ಒಂದು ವರ್ಷ ಉಳಿಸ್ಕೊಂಡು ಬಾ, ಫೀಸು ನಾವೇ ಕೊಡ್ತೀವಿ, ಮೊದಲ ಐವರಲ್ಲಿ ನೀನೊಬ್ಬ ಅಂದಿದ್ರು. ಪೂರ್ತಿ ಪಂದ್ಯ ಅಜ್ಜಿ. ಎಲ್ಲಾ ಪಂದ್ಯ. ಹೆಂಗೂ ಮೆರಿಕ್ ನನ್ನ ಇಳಿಸಲ್ಲ, ಕೂತ್ಕೊಂಡೇ ವರ್ಷ ಉಳಿಯುತ್ತೆ ಅಂತಿದ್ದೆ. ಹೋಯ್ತು ಬಿಡು."

ವರ್ನಾಳಿಗೆ ಅರ್ಥವಾಗಲು ಹೊತ್ತೇನೂ ಹಿಡಿಯಲಿಲ್ಲ. ಭಾನುವಾರದ ತಟ್ಟೆ, ಫೋರ್ಕು, ಲೇಸು, ತಲೆಯಾಡಿಸಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ನೆನಪಾದಷ್ಟೂ ಕೋಪ ಬಂತು.

"ಮೊದ್ಲೇ ಬಾಯಿ ಬಿಟ್ಟು ಹೇಳೋಕೇನಾಗಿತ್ತೋ ನಿಂಗೆ, ಧಾಡಿ?"

"ಭಾನುವಾರ ಹೇಳೋಕೇ ಬಂದಿದ್ದೆ."

"ಅರ್ಧ ಹೇಳಿ ಬಿಟ್ರೆ ಹೇಳ್ದಂಗಾ?"

"ನೀನು ಬ್ರೆನನ್‌ನ ಬೈತಿದ್ದೆಯಲ್ಲ. ಅಂಥೋರ ಮುಖ ನೋಡಲ್ಲ ಅಂದೆ. ಬೇರೆ ಜೆರ್ಸಿ ಹಾಕಿದ್ರೆ ಬರಲ್ಲ ಅಂತ ಆಗ್ಲೇ ಅಂದಿದ್ದೆ. ಇವತ್ತು ಪಂದ್ಯ ಆದ್ಮೇಲೆ ಧೈರ್ಯ ಮಾಡಿ ಹೇಳ್ಬಿಡೋಣ ಅಂದ್ಕೊಂಡಿದ್ದೆ."

"ಆ ಮೆರಿಕ್ ಕೇಳ್ದಾಗ ಇಲ್ಲ ಅನ್ಬೇಕಿತ್ತು! ಇಳಿಯಲ್ಲ ಅನ್ನೋಕೆ ಬಾಯಿರಲಿಲ್ವಾ?"

"ಅವ್ರೂ ಅದನ್ನೇ ಕೇಳಿದ್ರು, ಇಳೀತೀಯಾ ಅಂತ." ಡಾಸನ್ ಚೀಲದ ಪಟ್ಟಿಯನ್ನು ಎಳೆದು ಎಳೆದು ಸರಿಮಾಡಿಕೊಳ್ಳುತ್ತಿದ್ದ. "ಇಡೀ ಊರು ನನ್ನ ಹೆಸರು ಕೂಗ್ತಿತ್ತು. ನೀನು ಆ ಮಂಡೀಲಿ ನಿಂತಿದ್ದೆ. ಏನಂತ ಹೇಳ್ಲಿ ಅಜ್ಜಿ?"

ವರ್ನಾ ಕುರ್ಚಿಯಿಂದ ಏಳಹೋದಳು. "ಎಲ್ಲಿ ಅವ್ನು ಮೆರಿಕ್? ನಾನು ಮಾತಾಡ್ತೀನಿ. ಒಂದೇ ನಿಮಿಷ, ಲೆಕ್ಕಕ್ಕೆ ಹಿಡೀಬೇಡ ಅಂತೀನಿ. ಯಾವ ಮೂರ್ಖ ಮಾಡಿದ್ದು ಈ ಕಾನೂನು? ಒಂದು ನಿಮಿಷಕ್ಕೆ ಒಂದು ವರ್ಷ ತಿನ್ನೋದು ನ್ಯಾಯಾನಾ?"

"ಎಲ್ರೂ ನೋಡಿದಾರೆ ಅಜ್ಜಿ. ಬುಟ್ಟಿ ಬೇರೆ ಹಾಕಿದೀನಿ." ಅವನು ನಗಲು ನೋಡಿದ. ಆ ನಗು ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಕಿರುಚಿದ್ದರೆ ತಿರುಗಿ ಕಿರುಚಬಹುದಿತ್ತು. ಅವನು ಅವಳ ಕೋಟಿನ ಮೇಲಿನ ಗುಂಡಿ ಹಾಕಿ, "ಹೊರಗೆ ಚಳಿಯಿದೆ, ಹುಷಾರಾಗಿ ಹೋಗು," ಎಂದಷ್ಟೇ ಹೇಳಿದ.

ಎಲ್ವುಡ್ ಕಾರನ್ನು ಬೆಚ್ಚಗೆ ಮಾಡಿ ಕಾದಿದ್ದ. ಅವಳು ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಮೆರಿಕ್‌ನನ್ನು, ಗಾರ್ವಿನ್‌ನನ್ನು, ಕಾನೂನು ಮಾಡಿದವರನ್ನು, ಬ್ಯಾಂಕಿನ ಮ್ಯಾನೇಜರನ್ನು, ಕಾಲು ಕುಟ್ಟಿದ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಬೈದು ಮುಗಿಸಿದಳು. ಬೈಯಲು ಇನ್ನು ಒಬ್ಬಳೇ ಉಳಿದಿದ್ದಳು.

"ಏನಾದ್ರೂ ಅನ್ನೋ ಎಲ್ವುಡ್! ಸುಮ್ನೆ ಕೂರಬೇಡ. ನನ್ನ ಬೈಯಾದ್ರೂ ಬೈ."

"ನಿನ್ನಷ್ಟು ಚೆನ್ನಾಗಿ ಬೈಯೋಕೆ ನಂಗೆ ಬರಲ್ಲ ಕಣೆ," ಎಂದ ಅವನು, ರಸ್ತೆಯ ಮೇಲಿಂದ ಕಣ್ಣು ತೆಗೆಯದೆ.

ಶನಿವಾರ ಮತ್ತೊಂದು ಪಂದ್ಯ. ಹೋಗುವುದೇ ಇಲ್ಲ ಎಂದುಕೊಂಡಿದ್ದಳು. ಡಾಸನ್ ಮೇಲೆ ನೋಡಿದಾಗ ಕುರ್ಚಿ ಖಾಲಿಯಿದ್ದರೆ ಹೇಗೆ ಅನ್ನಿಸಿ ಹೋದಳು. ಈ ಸಲವೂ ದುಡ್ಡು ಕೊಟ್ಟು ಕರೆಸಿದ ಬಡಪಾಯಿ ತಂಡ, ಈ ಸಲವೂ ದೊಡ್ಡ ಗೆಲುವು. ವಿದ್ಯಾರ್ಥಿಗಳು ಒಂದು ಹಲಗೆಯ ಮೇಲೆ ಡಾಸನ್‌ನ ಹೆಸರು ಬರೆದುಕೊಂಡೇ ಬಂದಿದ್ದರು. ಕೊನೆಯ ಹೊತ್ತಿಗೆ ಬ್ಯಾಂಕಿನ ಮ್ಯಾನೇಜರು ಹಿಂದೆ ತಿರುಗಿ ಕಣ್ಣು ಮಿಟುಕಿಸಿದ. "ಶುರು ಮಾಡಿ ವರ್ನಾ ಆಂಟಿ! ನಿಮ್ಮದೇ ಬೋಣಿ!"

"ಮುಚ್ಚೋ ಬಾಯಿ!" ಎಂದು ಅವಳು ಅರಚಿದಳು. "ಎಲ್ರೂ ಬಾಯಿ ಮುಚ್ರೋ! ಸಾಕು ನಿಲ್ಸಿ!"

ಬಸ್ಸಿನ ದಿನಗಳು ನೆನಪಾಗಿ ಸುತ್ತಲಿನವರು ಬಿದ್ದು ಬಿದ್ದು ನಕ್ಕರು. ನಕ್ಕು, ಇನ್ನೂ ಜೋರಾಗಿ ಕೂಗಿದರು. ಡಾ-ಸನ್! ಡಾ-ಸನ್! ಮೆರಿಕ್ ಈ ಸಲ ಬೆಂಚಿನವರೆಗೆ ನಡೆದೂ ಹೋಗಲಿಲ್ಲ, ನಿಂತಲ್ಲಿಂದಲೇ ಬೆರಳು ತೋರಿಸಿದ.

ಡಾಸನ್ ಲೇಸು ಕಟ್ಟಿಕೊಳ್ಳಲಿಲ್ಲ. ಮೇಲಂಗಿ ಕಳಚಿ, ಗೆರೆಯ ಹತ್ತಿರ ಬಂದು, ಒಳಗೆ ಕಾಲಿಡುವ ಮೊದಲು ತಿರುಗಿ ಅವಳ ಕಡೆ ಕೈಯೆತ್ತಿದ. ಇಡೀ ಅಂಗಣ ಅವಳನ್ನು ನೋಡಿತು. ವರ್ನಾಳೂ ಕೈಯೆತ್ತಬೇಕಾಯಿತು, ಎತ್ತಿದಳು. ಆಮೇಲೆ ಮುಂದಿನ ಸಾಲಿನ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತಳು.

"ಕೂತ್ಕೊ ವರ್ನಾ, ಮಂಡಿ ಹಾಳಾಗುತ್ತೆ," ಎಂದ ಎಲ್ವುಡ್.

"ಹಾಳಾಗ್ಲಿ. ಅವ್ನು ಆಡ್ತಿದಾನೆ."

ಆ ಒಂದು ನಿಮಿಷದಲ್ಲಿ ಚೆಂಡು ಅವನ ಕೈಗೆ ಬರಲೇ ಇಲ್ಲ. ಅವನು ಮೂಲೆಯಿಂದ ಮೂಲೆಗೆ ಓಡಿದ, ಕೈ ಚಾಚಿದ, ಮತ್ತೆ ಓಡಿದ. ಆಟ ಮುಗಿದು ಜನರೆಲ್ಲ ಮೆಟ್ಟಿಲು ಇಳಿಯತೊಡಗಿದ ಮೇಲೂ ವರ್ನಾ, ಮೊದಲ ಬುಟ್ಟಿಗೆ ಕಾಯುವವಳಂತೆ, ನಿಂತೇ ಇದ್ದಳು.